ಬಾಯಿ ಬಿಡದ ಬ್ರೌಸರ್

ಬಲೆ ಹೆಗಲಿಗೇರಿಸಿಕೊಂಡು ಕಡಲಿಗೆ ಹೊರಟವನನ್ನು ಮಾಜಾಳಿಯಲ್ಲಿ ಯಾರೂ ‘ಎಲ್ಲಿಗೆ?’ ಎಂದು ಕೇಳುವುದಿಲ್ಲ. ಅರಿಯದೆ ಯಾರಾದರೂ ಕೇಳಿಬಿಟ್ಟರೆ ಅವನು ಬಲೆಯನ್ನು ಮರಳಿನ ಮೇಲಿಳಿಸಿ, ಮನೆಗೆ ಮರಳಿ, ಒಂದು ಲೋಟ ನೀರು ಕುಡಿದು, ಹೊಸದಾಗಿ ಹೊರಡಬೇಕು. ಕೇಳಿದರೆ ಕೆಡುಕಾಗುತ್ತದೆಂದು ಹೆಂಗಸರು ಹೇಳುತ್ತಾರೆ. ಗಂಡಸರು ಕಾರಣ ಹೇಳುವುದಿಲ್ಲ. ಅವರಿಗೆ ಕಾರಣ ಗೊತ್ತಿದೆ. ಕಡಲ ತಳದಲ್ಲಿ ಎಲ್ಲೆಲ್ಲಿ ಬಂಡೆಗಳಿವೆ, ಆ ಬಂಡೆಗಳ ಸಂದಿನಲ್ಲಿ ಯಾವ ತಿಂಗಳು ಯಾವ ಮೀನು ಬಂದು ನಿಲ್ಲುತ್ತದೆ ಎಂಬುದು ಒಂದೊಂದು ಮನೆಯ ಗುಟ್ಟು. ಅಂಥ ಜಾಗಕ್ಕೆ ಅವರು ಗುರುತು ಎನ್ನುತ್ತಾರೆ.

ದತ್ತಾನ ಮನೆಯಲ್ಲಿ ಹನ್ನೊಂದು ಗುರುತುಗಳಿದ್ದವು. ದೇವಗಡದ ದೀಪಸ್ತಂಭ ಸದಾಶಿವಗಡದ ಗುಡ್ಡಕ್ಕೆ ತಾಗಿ ನಿಂತಂತೆ ಕಂಡು, ಅದೇ ಹೊತ್ತಿಗೆ ಬಡಗಣ ದಂಡೆಯ ತೆಂಗುಗಳು ನೀರಿನಲ್ಲಿ ಮುಳುಗಿದಂತಾದರೆ ಅಲ್ಲೊಂದು. ಇನ್ನಿಷ್ಟು ತೆಂಕಕ್ಕೆ ಸರಿದು ಎರಡು ಗುಡ್ಡಗಳ ನಡುವಿನ ಸೀಳು ಮುಚ್ಚಿಹೋದರೆ ಮತ್ತೊಂದು. ಇವನ್ನು ದತ್ತಾನಿಗೆ ಅವನ ಅಪ್ಪ ದೋಣಿಯಲ್ಲಿ ಕೂರಿಸಿ, ಕಿವಿಯಲ್ಲಿ ಹೇಳಿದ್ದ. ದತ್ತಾ ಮಗ ಆಶಿಷನಿಗೆ ಹಾಗೆಯೇ ಹೇಳಿದ. ಮಗಳು ವಿನುತಾಳಿಗೆ ಹೇಳಲಿಲ್ಲ. ಮಗಳು ಇನ್ನೊಂದು ದೋಣಿಯ ಮನೆಗೆ ಹೋಗುವವಳು. ಅವಳ ಹಿಂದೆ ಗುರುತೂ ಹೋಗಿಬಿಡುತ್ತದೆ ಎಂಬುದು ಅವರ ಲೆಕ್ಕ. ಇನ್ನೊಂದು ದೋಣಿಯ ಮನೆಯಿಂದಲೇ ಬಂದಿದ್ದ ಹೆಂಡತಿ ದುರ್ಗಾಳಿಗೂ ಮೂವತ್ತೆರಡು ವರ್ಷಗಳಲ್ಲಿ ದತ್ತಾ ಒಂದನ್ನೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ವಿನುತಾ ಕಾರವಾರದ ಒಂದು ಆನ್‌ಲೈನ್ ಸೇವಾ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಪಹಣಿ, ಪಡಿತರ ಚೀಟಿ, ದೋಣಿಯ ಪರವಾನಗಿ, ಪಿಂಚಣಿ ಎಂದು ದಿನಕ್ಕೆ ನಲವತ್ತು ಐವತ್ತು ಮಂದಿಯ ಅರ್ಜಿ ತುಂಬುವವಳು. ಯಾವ ಇಲಾಖೆಯ ಪುಟ ಯಾವ ಬ್ರೌಸರಿನಲ್ಲಿ ತೆರೆಯುತ್ತದೆ, ಯಾವುದರಲ್ಲಿ ಹಠ ಹಿಡಿಯುತ್ತದೆ ಎಂಬುದು ಅವಳಿಗೆ ಬೆರಳ ತುದಿಯಲ್ಲಿತ್ತು. ಹಾಗಾಗಿ ಆಶಿಷ ಒಂದು ಸಂಜೆ ಮುಖ ಕಪ್ಪಿಟ್ಟುಕೊಂಡು ಬಂದು ತನ್ನ ಮೊಬೈಲನ್ನು ಅವಳ ಮಡಿಲಿಗೆ ಎಸೆದದ್ದು ಸಹಜವೇ ಆಗಿತ್ತು.

ನಡೆದದ್ದು ಇಷ್ಟು. ಅಪ್ಪನ ಹನ್ನೊಂದು ಗುರುತುಗಳ ಮೇಲೆ ಆಶಿಷ ತಾನೇ ಹುಡುಕಿದ ಹೊಸ ಗುರುತುಗಳನ್ನು ಕೂಡಿಸುತ್ತಿದ್ದ. ಅವು ದಂಡೆ ಕಾಣದಷ್ಟು ದೂರದವು; ಗುಡ್ಡ, ದೀಪಸ್ತಂಭಗಳ ಸಾಲು ಅಲ್ಲಿಗೆ ಎಟುಕದು. ಅವನು ದಂಡೆಯ ಸಿಗ್ನಲ್ ತಪ್ಪುವ ಮೊದಲೇ ಮೊಬೈಲಿನಲ್ಲಿ ಕಡಲ ನಕ್ಷೆಯ ಪುಟ ತೆರೆದಿಟ್ಟುಕೊಂಡು, ತಾನು ನಿಂತ ಬಿಂದುವನ್ನು ಬ್ರೌಸರಿನಲ್ಲಿ ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳುತ್ತಿದ್ದ. ಒಂದು ದಿನ ಮಂಜುಗಡ್ಡೆ ಕಾರ್ಖಾನೆಯ ಆಫೀಸಿನಲ್ಲಿ ಗಾಳಿಯ ಮುನ್ಸೂಚನೆ ನೋಡಬೇಕೆಂದು ಅಲ್ಲಿನ ಕಂಪ್ಯೂಟರಿನಲ್ಲಿ ತನ್ನ ಖಾತೆಗೆ ಹೋಗಿ, ಹೊರಬರಲು ಮರೆತ. ಮೊಬೈಲಿನ ಬ್ರೌಸರ್ ತನ್ನಲ್ಲಿದ್ದುದನ್ನೆಲ್ಲ ಆ ಕಂಪ್ಯೂಟರಿಗೂ ಹಂಚಿತು. ಮುಂದಿನ ವಾರ ಅವನು ತನ್ನ ಅತ್ಯಂತ ಒಳ್ಳೆಯ ಗುರುತಿಗೆ ಹೋದಾಗ ಅಲ್ಲಿ ಆಗಲೇ ಮೂರು ದೋಣಿಗಳು ಬಲೆ ಬಿಟ್ಟು ಕುಳಿತಿದ್ದವು.

“ವಿನೂ, ನಂಗೆ ಬಾಯಿ ಬಿಡದ ಒಂದು ಬ್ರೌಸರ್ ಹುಡ್ಕಿ ಕೊಡೇ,” ಎಂದ ಆಶಿಷ.

“ಬಾಯಿ ಬಿಡದ್ದೇ ಬೇಕಾದ್ರೆ ಅಪ್ಪನ್ನ ಕಿಸೆಲಿ ಹಾಕ್ಕೊಂಡು ಹೋಗು ದಾದಾ.”

“ತಮಾಷೆ ಸಾಕು. ಮೂರು ವರ್ಷದ ಕಷ್ಟ ಅದು. ಮೂರು ದೋಣಿ! ಕೈ ಬೀಸಿ ಬಾ ಅಂತ ಕರದ್ರು ನನ್ನ, ನಾನೇ ನೆಂಟ ಅನ್ನೂ ಹಾಂಗೆ.”

ವಿನುತಾ ನಕ್ಕಳು, ಆಮೇಲೆ ಅಣ್ಣನ ಕಣ್ಣು ನೋಡಿ ನಗು ನಿಲ್ಲಿಸಿದಳು.

ಆರು ಸಂಜೆಗಳನ್ನು ಅವಳು ಈ ಕೆಲಸಕ್ಕೆ ಕೊಟ್ಟಳು. ಮೂರು ಗುಣ ಇರಲೇಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿದ್ದಳು: ಗುಟ್ಟು ಹೊರಗೆ ಹೋಗಬಾರದು, ಒದ್ದೆ ಕೈಯಲ್ಲಿ, ಅಲುಗುವ ದೋಣಿಯಲ್ಲಿ ಬಳಸಲು ಬರಬೇಕು, ನಕ್ಷೆ, ಗಾಳಿ, ಇಲಾಖೆಯ ಪುಟ ಎಲ್ಲವೂ ತೆರೆಯಬೇಕು. ಮೊಬೈಲಿನೊಂದಿಗೇ ಬಂದಿದ್ದ ಮೊದಲನೆಯದರಲ್ಲಿ ಕೊನೆಯ ಎರಡೂ ಧಾರಾಳವಾಗಿದ್ದವು, ಮೊದಲನೆಯದೇ ಇರಲಿಲ್ಲ. ಅದರ ಆಯ್ಕೆಗಳನ್ನೆಲ್ಲ ಒಂದೊಂದಾಗಿ ಮುಚ್ಚುತ್ತ ಹೋದರೂ ಯಾವುದೋ ಒಂದು ಬಾಗಿಲು ತೆರೆದೇ ಉಳಿದಂತೆ ಅವಳಿಗೆ ಅನ್ನಿಸುತ್ತಿತ್ತು.

ಎರಡನೆಯದು ಬಹಳ ಬಿಗಿಯಾದದ್ದು. ಕೇಳಿದ ಪುಟವನ್ನು ಊರೂರು ಸುತ್ತಿಸಿ, ಕೇಳಿದವನು ಯಾರೆಂದು ಯಾರಿಗೂ ತಿಳಿಯದಂತೆ ತರುವಂಥದು. ಅದನ್ನು ಆಶಿಷನ ಜೊತೆ ದೋಣಿಗೆ ಕಳಿಸಿದಳು. ಮರಳಿ ಬಂದಾಗ ಮೊದಲು ಮಾತಾಡಿದವನು ಹುಲಿಯಾ. ಅವನು ಇಪ್ಪತ್ತು ವರ್ಷಗಳಿಂದ ಅದೇ ದೋಣಿಯಲ್ಲಿ ಬಲೆ ಎಳೆಯುತ್ತಿದ್ದವನು, ಮೊದಲು ದತ್ತಾನ ಜೊತೆ, ಈಗ ಆಶಿಷನ ಜೊತೆ.

“ವಿನುತಾಬಾಯಿ, ನಿನ್ನ ಬ್ರೌಸರ್ ತೆರೀಲಿಕ್ಕೆ ಕಾಯ್ತಾ ಕುಂತ್ರೆ ಮೀನು ಮುದುಕಾಗಿ ಸಾಯ್ತದೆ.”

“ಅಷ್ಟೇ ಅಲ್ಲ,” ಎಂದ ಆಶಿಷ. “ಮೀನುಗಾರಿಕೆ ಇಲಾಖೆ ಪುಟ ನಂಗೆ, ನೀನು ಮನುಷ್ಯನೋ ಅಲ್ವೋ ತೋರ್ಸು ಅಂತದೆ. ಸಿಗ್ನಲ್ ದೀಪ ಇರೂ ಚಿತ್ರ ಒತ್ತಬೇಕಂತೆ. ಮಾಜಾಳಿಲಿ ಹುಟ್ದವನಿಗೆ ಎಲ್ಲಿದೆಯೇ ಸಿಗ್ನಲ್ ದೀಪ?”

ಮೂರನೆಯದು ಹೊಂದಿಕೊಂಡಿತು. ಹಿಂದೆ ಬೀಳುವ ಜಾಹೀರಾತುಗಳನ್ನು ಅದು ತಾನೇ ತಡೆಯುತ್ತಿತ್ತು; ಖಾತೆ ಕೇಳುತ್ತಿರಲಿಲ್ಲ; ಮುಚ್ಚಿದೊಡನೆ ನೋಡಿದ್ದನ್ನೆಲ್ಲ ಅಳಿಸಿ, ಬುಕ್‌ಮಾರ್ಕುಗಳನ್ನು ಮಾತ್ರ ಉಳಿಸುತ್ತಿತ್ತು. ಗುಂಡಿಗಳು ಪರದೆಯ ಕೆಳಗಿದ್ದುದರಿಂದ ಹೆಬ್ಬೆರಳಿಗೆ ಎಟುಕುತ್ತಿದ್ದವು. ನಕ್ಷೆ ಸಲೀಸಾಗಿ ತೆರೆಯಿತು. ಒಂದೇ ಒಂದು ಕೊರತೆ ವಿನುತಾಳನ್ನು ಕೊರೆಯಿತು: ಮೊಬೈಲ್ ನೀರಿಗೆ ಬಿದ್ದರೆ ಎಲ್ಲವೂ ನೀರಿಗೆ. ಅದಕ್ಕೂ ಆ ಬ್ರೌಸರಿನಲ್ಲಿ ಒಂದು ಉಪಾಯವಿತ್ತು. ಎರಡು ಯಂತ್ರಗಳನ್ನು ಒಂದಕ್ಕೊಂದು ಜೋಡಿಸಬಹುದು. ಒಂದರ ಬುಕ್‌ಮಾರ್ಕುಗಳು ಇನ್ನೊಂದರಲ್ಲೂ ಇರುತ್ತವೆ. ನಡುವೆ ಕಂಪನಿಯ ಯಂತ್ರದಲ್ಲಿ ಇರುವ ಪ್ರತಿಗೆ ಬೀಗ ಬಿದ್ದಿರುತ್ತದೆ, ಕಂಪನಿಯವರಿಗೂ ಓದಲು ಬಾರದು. ಬೀಗದ ಕೈ ಎಂದರೆ ಇಪ್ಪತ್ತನಾಲ್ಕು ಇಂಗ್ಲಿಷ್ ಪದಗಳ ಒಂದು ಸಾಲು. ಒಂದಕ್ಕೊಂದು ಸಂಬಂಧವಿಲ್ಲದ ಪದಗಳು. ಆ ಸಾಲು ಇದ್ದವರು ಜಗತ್ತಿನ ಯಾವ ಮೂಲೆಯ ಯಂತ್ರದಲ್ಲಿ ಬೇಕಾದರೂ ಅವನ್ನು ಮತ್ತೆ ತೆರೆಯಬಹುದು.

ಅವಳು ಆ ಪದಗಳನ್ನು ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ನಂಬರು ಹಾಕಿ ಬರೆದುಕೊಂಡಳು. ಆಶಿಷ ಓದಿ ನಕ್ಕ. “ವಿಂಟರ್, ಲ್ಯಾಡರ್, ಆರೇಂಜ್... ಇದು ಎಂಥಾ ಮಂತ್ರವೇ? ಭೂತ ಬಿಡ್ಸೂದಾ?”

“ಹೂಂ. ಮೂರು ದೋಣಿಯ ಭೂತ.” ಅವಳು ಹಾಳೆಯನ್ನು ಮಡಚಿದಳು. “ನನ್ನ ಲ್ಯಾಪ್‌ಟಾಪಿಗೆ ಜೋಡ್ಸಿದೇನೆ. ನಿಂದು ಹೋದ್ರೂ ಇದ್ರಲ್ಲಿ ಇರ್ತದೆ.”

ಆಶಿಷ ಲ್ಯಾಪ್‌ಟಾಪಿನ ಕಡೆ ನೋಡಿದ. “ನೋಡೂದಿಲ್ಲ ಅಲ್ದಾ ನೀನು?”

“ನೋಡೂದಿಲ್ಲ.”

ಅವಳು ನೋಡಲಿಲ್ಲ. ಎಂಟು ತಿಂಗಳು ಆ ಪಟ್ಟಿ ಅವಳ ಲ್ಯಾಪ್‌ಟಾಪಿನಲ್ಲಿ ಇತ್ತು. ಪಟ್ಟಿ ತೆರೆಯುವ ಗುಂಡಿ ಪರದೆಯ ಎಡಮೂಲೆಯಲ್ಲಿ ಕಾಣುತ್ತಲೇ ಇತ್ತು. ಒಮ್ಮೆಯೂ ಅವಳು ಅದನ್ನು ಒತ್ತಲಿಲ್ಲ. ಒತ್ತದೆ ಇರುವುದರಲ್ಲಿ ಅವಳಿಗೊಂದು ಹೆಮ್ಮೆ ಇತ್ತು. ಹುಟ್ಟಿದ ಮನೆಯಲ್ಲಿ ತನಗೆ ಕೊಡದೆ ಉಳಿಸಿದ್ದ ವಸ್ತು ಈಗ ತನ್ನ ಕೈಕೆಳಗೇ ಇದೆ, ತಾನು ಅದನ್ನು ಕಾಯುತ್ತಿದ್ದೇನೆ ಎಂಬ ಹೆಮ್ಮೆ.

ಚೌತಿ ಕಳೆದ ಮೇಲೆ ವಿನುತಾಳಿಗೆ ಗಂಡು ಗೊತ್ತಾಯಿತು. ಅಂಕೋಲೆಯ ಕಡೆ, ಬೇಲೆಕೇರಿಯ ಕೇಶವನ ಮಗ ರೋಷನ. ಅವರದೂ ದೋಣಿಯ ಮನೆ. ಎರಡು ದೋಣಿ, ಒಳ್ಳೆಯ ಹೆಸರು. ಮಾತುಕತೆಯ ದಿನ ಕೇಶವ ಚಾವಡಿಯಲ್ಲಿ ಕುಳಿತು ಚಹಾ ಕುಡಿಯುತ್ತ, ಮೂಲೆಯಲ್ಲಿದ್ದ ಲ್ಯಾಪ್‌ಟಾಪನ್ನು ನೋಡಿ ನಗೆಯಾಡಿದ.

“ದತ್ತಾ, ಹುಡುಗಿ ಜೊತೆ ಆ ಪೆಟ್ಟಿಗೆನೂ ಕಳಿಸ್ತೀಯಲ್ಲಾ? ನಮ್ಮ ಮನೇಲಿ ಓದ್ದವ್ರು ಯಾರೂ ಇಲ್ಲ ಮಾರಾಯಾ. ಅರ್ಜಿ ಗಿರ್ಜಿ ತುಂಬ್ಲಿಕ್ಕೆ ಬೇಕು.”

ಎಲ್ಲರೂ ನಕ್ಕರು. ದತ್ತಾನೂ ನಕ್ಕ. ಆದರೆ ಬೇಲೆಕೇರಿಯವರ ಟೆಂಪೋ ಹೆದ್ದಾರಿಗೆ ತಿರುಗಿದ ಕೂಡಲೇ ಅವನು ಮಗನನ್ನು ಕರೆದು, “ಆ ಪೆಟ್ಟಿಗೆಲಿ ಎಂತ ಅದೆ?” ಎಂದು ಕೇಳಿದ. ಆಶಿಷ ಸುಳ್ಳು ಹೇಳುವವನಲ್ಲ.

ಈ ಕಥೆಯನ್ನು ಹೇಳುವವರು ಇಲ್ಲಿ ಎರಡಾಗುತ್ತಾರೆ. ದತ್ತಾ ಕೂಗಾಡಿದ ಎಂದು ಕೆಲವರು. ಒಂದು ಮಾತನ್ನೂ ಎತ್ತರಿಸಲಿಲ್ಲ ಎಂದು ಕೆಲವರು. ಎರಡನೆಯದೇ ನಿಜವಿರಬೇಕು. ದತ್ತಾ ಮಗಳ ಮುಂದೆ ಮಣೆ ಹಾಕಿಕೊಂಡು ಕುಳಿತ.

“ತೆಗೆದುಬಿಡು ಮಗಾ.”

“ಅಪ್ಪಾ, ಅದಕ್ಕೆ ಬೀಗ ಅದೆ. ಕಂಪನಿಯವರೇ ಬಂದ್ರೂ ಓದ್ಲಿಕ್ಕೆ ಆಗೂದಿಲ್ಲ.”

“ಬೀಗದ ಕೈ ಯಾರ ಹತ್ರ?”

“ನನ್ನ ಹತ್ರ.”

“ನೀನು ಹೋಗೂದು ಯಾರ ಮನೆಗೆ?”

ವಿನುತಾ ಬಾಗಿಲಲ್ಲಿ ನಿಂತಿದ್ದ ತಾಯಿಯ ಕಡೆ ತಿರುಗಿದಳು. “ಆಯಿ, ಆ ಹಾಳೆ ನಿನ್ನ ಪೆಟ್ಟಿಗೆಲಿ ಇಟ್ಕೊ. ನೀನು ಎಲ್ಲಿಗೂ ಹೋಗೂದಿಲ್ಲಲ್ಲಾ.”

“ನಂಗೆ ಬೇಡ,” ಎಂದಳು ದುರ್ಗಾ, ಒಲೆಯ ಕಡೆ ನಡೆಯುತ್ತ. “ಮೂವತ್ತೆರಡು ವರ್ಷ ಇಲ್ದೇ ಬದ್ಕಿದೇನೆ. ಈಗ ಅದೊಂದು ಭಾರ ಎಂತಕೆ?”

ಆಶಿಷ ತಂಗಿಯ ಮುಖ ನೋಡಲಿಲ್ಲ. “ತೆಗೆದುಬಿಡೇ ವಿನೂ. ಮೊಬೈಲಲ್ಲಿ ಅದೆಯಲ್ಲಾ, ಸಾಕು.”

ಆಗ ವಿನುತಾಳಿಗೆ ಸಿಟ್ಟು ಬಂತು. ಅಳು ಬರುವಂಥ ಸಿಟ್ಟಲ್ಲ, ಕೈಯನ್ನು ಚುರುಕಾಗಿಸುವ ಸಿಟ್ಟು. ಸೇವಾ ಕೇಂದ್ರದಲ್ಲಿ ಯಾರದೋ ದಾಖಲೆ ತಿದ್ದುವಾಗಿನ ಅದೇ ಅಚ್ಚುಕಟ್ಟಿನಿಂದ ಅವಳು ಕೆಲಸಕ್ಕೆ ಕೂತಳು. ಮೊದಲು ಪಟ್ಟಿಯನ್ನು ಅಳಿಸಿದರೆ ಅಣ್ಣನ ಮೊಬೈಲಿನಲ್ಲೂ ಅಳಿದೀತು. ಆದ್ದರಿಂದ ಮೊದಲು ಜೋಡಣೆಯಿಂದ ತನ್ನ ಯಂತ್ರವನ್ನು ಬಿಡಿಸಿದಳು. ಬಳಿಕ ಪಟ್ಟಿಯನ್ನು ಕಣ್ಣು ಹಾಯಿಸದೆ ಇಡಿಯಾಗಿ ಆರಿಸಿ ಅಳಿಸಿದಳು. ಬ್ರೌಸರನ್ನೇ ತೆಗೆದು, ಅದರ ಉಳಿಕೆ ಕಡತಗಳನ್ನು ತೆಗೆದು, ಮತ್ತೆ ಹೊಸದಾಗಿ ಹಾಕಿದಳು. ಖಾಲಿ ಪರದೆಯನ್ನು ಅಪ್ಪನ ಕಡೆ ತಿರುಗಿಸಿದಳು.

“ನೋಡಿ ಅಪ್ಪಾ. ಏನಾದ್ರೂ ಕಾಣ್ತದಾ?”

ದತ್ತಾ ಬಗ್ಗಿ ನೋಡಿದ. ಅವನಿಗೆ ಓದಲು ಬರುತ್ತಿರಲಿಲ್ಲ. ಆದರೂ ಬಹಳ ಹೊತ್ತು ನೋಡಿದ. “ಆ ಹಾಳೆ?”

ಅವಳು ಎದ್ದು ಹೋಗಿ, ಕ್ಯಾಲೆಂಡರಿನ ಹಾಳೆಯನ್ನು ತಾಯಿಯ ಒಲೆಗೆ ಹಾಕಿದಳು. ಅದನ್ನು ಯಾರೂ ಸುಡು ಎಂದಿರಲಿಲ್ಲ. ಅಣ್ಣನ ಕೈಗೇ ಕೊಡಬಹುದಿತ್ತು. ಆ ಯೋಚನೆ ಅವಳಿಗೆ ಬಂದೂ ಇತ್ತು. ಕೊಡಲಿಲ್ಲ. ತನ್ನನ್ನು ನಂಬದವರ ಕಣ್ಣೆದುರು ತಾನು ಎಷ್ಟು ನಿರ್ಮಲಳೆಂದು ತೋರಿಸಬೇಕಿತ್ತು, ತೋರಿಸಿದಳು.

ಅಕ್ಟೋಬರಿನ ಮೂರನೆಯ ವಾರ ಕಡಲು ಎಣ್ಣೆ ಸುರಿದಂತೆ ಸಮತಟ್ಟಾಗಿತ್ತು. ಬೆಳಗಿನ ಜಾವ ಆಶಿಷ ಮತ್ತು ಹುಲಿಯಾ ದೋಣಿ ಇಳಿಸಿದರು. ಎಲ್ಲಿಗೆಂದು ಯಾರೂ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಾಳಿಯ ಎಚ್ಚರಿಕೆ ಬಂತು. ಮೂರು ಗಂಟೆಗೆ ಪಡುವಣ ಬಾನು ಸೀಸದ ಬಣ್ಣಕ್ಕೆ ತಿರುಗಿತು. ನಾಲ್ಕಕ್ಕೆ ಮಳೆಗಾಳಿ ಎರಗಿತು. ಹೊರಗಿದ್ದ ದೋಣಿಗಳು ಒಂದೊಂದಾಗಿ ಓಡಿ ಬಂದು ಮರಳಿಗೆ ಬಿದ್ದವು. ದತ್ತಾನ ಮನೆಯ ದೋಣಿ ಬರಲಿಲ್ಲ. ಆಶಿಷನ ಮೊಬೈಲಿಗೆ ಕರೆ ಹೋಗಲಿಲ್ಲ.

ಮರುದಿನ ಬೆಳಕು ಹರಿಯುವಾಗ ದಂಡೆಯ ಮೇಲೆ ಊರಿಗೆ ಊರೇ ಇತ್ತು. ಗಾಳಿ ಇಳಿದಿತ್ತು. ಕೇಶವ ಬೇಲೆಕೇರಿಯಿಂದ ತನ್ನ ಎರಡೂ ದೋಣಿಗಳನ್ನು ತಂದಿದ್ದ. ಹೋದ ವರ್ಷ ಆಶಿಷನ ಗುರುತಿನಲ್ಲಿ ಬಲೆ ಬಿಟ್ಟಿದ್ದ ಆ ಮೂರು ದೋಣಿಗಳವರೂ ಎಂಜಿನ್ನಿಗೆ ಎಣ್ಣೆ ತುಂಬಿಸಿಕೊಂಡು ನಿಂತಿದ್ದರು. ಹೊರಡಲು ಎಲ್ಲರೂ ತಯಾರು. ಎತ್ತ ಹೊರಡಬೇಕೆಂಬುದೊಂದೇ ಗೊತ್ತಿಲ್ಲ. ಕರಾವಳಿ ಕಾವಲು ಪೊಲೀಸರ ಅಧಿಕಾರಿ ಜೀಪಿನ ಮೂತಿಯ ಮೇಲೆ ನಕ್ಷೆ ಹರಡಿದ್ದ.

“ಎಲ್ಲಿಗೆ ಹೋಗಿದ್ರು?”

ಆ ದಂಡೆಯ ಮೇಲೆ ಯಾರೂ ಯಾರನ್ನೂ ಕೇಳದ ಪ್ರಶ್ನೆಯನ್ನು ಅವನು ಮೂರು ಸಲ ಕೇಳಿದ.

ಮೊಬೈಲ್ ಕಂಪನಿಯಿಂದ ಬಂದಿದ್ದ ಮಾಹಿತಿಯೂ ಕೈಹಿಡಿಯಲಿಲ್ಲ. ಬೆಳಗಿನ ಐದೂ ಕಾಲಿಗೆ ದಂಡೆಯ ಟವರಿನ ಕೈಯಿಂದ ಮೊಬೈಲ್ ತಪ್ಪಿಹೋಗಿತ್ತು, ಅಷ್ಟೆ.

“ಅವನ ಖಾತೆಯಲ್ಲಿ ಓಡಾಡಿದ ಜಾಗದ ದಾಖಲೆ ಇರ್ತದಲ್ಲಾ? ಪಾಸ್‌ವರ್ಡ್ ಯಾರಿಗಾದ್ರೂ ಗೊತ್ತಾ?” ಎಂದು ಅಧಿಕಾರಿ ಕೇಳಿದ.

“ಖಾತೆ ಈಗ ಇಲ್ಲ ಸರ್,” ಎಂದಳು ವಿನುತಾ. “ಅದನ್ನೂ ಜಾಗದ ದಾಖಲೆನೂ ನಾನೇ ಬಂದ್ ಮಾಡಿದ್ದೆ.”

“ಯಾವ ಬ್ರೌಸರ್ ಬಳಸ್ತಿದ್ದ?”

ಅವಳು ಹೆಸರು ಹೇಳಿದಳು. ಪಕ್ಕದಲ್ಲಿದ್ದ ತರುಣ ಪೇದೆ, ಅದನ್ನು ಬಲ್ಲವನಿರಬೇಕು, ತಲೆ ತಗ್ಗಿಸಿದ. “ಅದ್ರಲ್ಲಿ ಸಿಗೂದಿಲ್ಲ ಸರ್,” ಎಂದು ಮೆಲ್ಲಗೆ ಹೇಳಿದ. “ಅದು ಒಳ್ಳೇ ಬ್ರೌಸರ್.”

ಮೂರು ಗುಣಗಳಿಗಾಗಿ ಆರು ಸಂಜೆ ತೂಗಿ ನೋಡಿ ಆರಿಸಿದ ಬ್ರೌಸರನ್ನು ಒಬ್ಬ ತಿಳಿದವನು ಮೆಚ್ಚಿದ್ದು ಅದೊಂದೇ ಸಲ.

ಹುಲಿಯಾನ ಹೆಂಡತಿ ಮಾದೇವಿ ಜನರನ್ನು ಸರಿಸಿಕೊಂಡು ಬಂದಳು. ಅವಳು ಅಳುತ್ತಿರಲಿಲ್ಲ. “ವಿನುತಾ, ನಿನ್ನ ಪೆಟ್ಟಿಗೆಲಿ ಎಲ್ಲಾ ಗುರುತು ಇತ್ತಂತೆ? ನಮ್ಮವರು ಹೇಳಿದ್ರು. ತೆಗಿಯೇ. ಬೇಗ ತೆಗಿಯೇ ಮಗಾ.”

ವಿನುತಾ ಮನೆಗೆ ಓಡಿದಳು. ಬ್ರೌಸರನ್ನು ತೆರೆದಳು. ಜೋಡಿಸುವ ಪುಟದಲ್ಲಿ ಉದ್ದನೆಯ ಖಾಲಿ ಚೌಕ ಬಂತು, ಇಪ್ಪತ್ತನಾಲ್ಕು ಪದಗಳನ್ನು ಕೇಳಿತು. ಬೀಗ ಹಾಕಿದ ಪ್ರತಿ ಎಲ್ಲೋ ದೂರದ ಯಂತ್ರದಲ್ಲಿ ಈ ಕ್ಷಣಕ್ಕೂ ಇದೆ ಎಂಬುದು ಅವಳಿಗೆ ತಿಳಿದಿತ್ತು. ಅಣ್ಣ ನಿನ್ನೆ ಎತ್ತ ಹೋದನೆಂದು ಹೇಳಬಲ್ಲ ಆ ಪಟ್ಟಿ ನಾಶವಾಗಿರಲಿಲ್ಲ. ಅವಳು ಕಣ್ಣು ಮುಚ್ಚಿ ಕ್ಯಾಲೆಂಡರಿನ ಹಾಳೆಯನ್ನು ನೆನೆದಳು. ವಿಂಟರ್. ಲ್ಯಾಡರ್. ಆರೇಂಜ್. ನಾಲ್ಕನೆಯದು ಬರಲಿಲ್ಲ. ಏಳನೆಯದು ಬಂತು, ಎಂಟನೆಯದು ಬಂತು. ಕೊನೆಯದು ಒಂದು ಹಕ್ಕಿಯ ಹೆಸರು. ಕಾಗದದ ಅಂಚಿನಲ್ಲಿದ್ದ ದೇವರ ಚಿತ್ರ, ತನ್ನ ಪೆನ್ನು ನಡುವೆ ಒಣಗಿ ಎರಡು ಸಲ ತೀಡಿದ್ದು, ಎಲ್ಲ ನೆನಪಾಯಿತು. ಪದಗಳು ಒಂಬತ್ತೇ ನೆನಪಾದವು. ಹಿಂದೆ ಬಾಗಿಲಲ್ಲಿ ಮಾದೇವಿ ನಿಂತಿದ್ದಳು. ವಿನುತಾ ಊಹಿಸಿ ತುಂಬಿದಳು; ಯಂತ್ರ ತಪ್ಪು ಎಂದಿತು. ಮತ್ತೆ ತುಂಬಿದಳು, ತಪ್ಪು ಎಂದಿತು.

ದಂಡೆಯ ಕಡೆಯಿಂದ ದತ್ತಾನ ದನಿ ಕೇಳಿಸಿದ್ದು ಆಗ.

ಅವಳು ಮರಳಿ ಹೋದಾಗ ಅಪ್ಪ ಮಗುಚಿ ಹಾಕಿದ ದೋಣಿಯೊಂದರ ಮೇಲೆ ಹತ್ತಿ ನಿಂತಿದ್ದ. ಐವತ್ತು ವರ್ಷ ಕಿವಿಯಿಂದ ಕಿವಿಗೆ ಮಾತ್ರ ಹೋಗಿದ್ದ ಮಾತನ್ನು ಅವನು ಕೂಗಿ ಹೇಳುತ್ತಿದ್ದ.

“ಕೇಳಿ ಎಲ್ಲಾ! ದೇವಗಡದ ದೀಪ ಸದಾಶಿವಗಡಕ್ಕೆ ತಾಗಬೇಕು, ಬಡಗಣ ತೆಂಗು ಮುಳುಗಬೇಕು. ಅದು ಒಂದು! ಅಲ್ಲಿಂದ ತೆಂಕಕ್ಕೆ ಬನ್ನಿ, ಗುಡ್ಡದ ಸೀಳು ಮುಚ್ಚಬೇಕು. ಎರಡು! ಮೂರನೇದು ಕೂರ್ಮಗಡದ ಬೆನ್ನು...”

ಕೆಲವರು ಮುಖ ತಿರುಗಿಸಿದರು. ಬೇರೆ ಮನೆಯ ಗುರುತು ಕೇಳುವುದು ಬೇರೆ ಮನೆಯ ಕೋಣೆಗೆ ಇಣುಕಿದಂತೆ ಎಂಬ ನಾಚಿಕೆ ಅವರಿಗೆ. ಅಧಿಕಾರಿ ನಕ್ಷೆಯ ಮೇಲೆ ಚುಕ್ಕಿ ಇಡುತ್ತ ಹೋದ. ಹತ್ತು ಹನ್ನೆರಡು ಮೊಬೈಲುಗಳು ಹೊರಬಂದವು. ಕೇಶವನೂ ತನ್ನದರಲ್ಲಿ ಒಂದೊಂದೇ ಬಿಂದುವನ್ನು ಒತ್ತಿ ಇಡುತ್ತಿದ್ದ, ಹುಡುಕಲಿಕ್ಕಾಗಿಯೇ. ವಿನುತಾಳ ಕಣ್ಣು ತಾನಾಗಿ ಅವನ ಪರದೆಯ ಮೇಲೆ ಬಿತ್ತು. ಮೊದಲನೆಯ ಬ್ರೌಸರ್. ಎಲ್ಲವನ್ನೂ ಎಲ್ಲರೊಂದಿಗೆ ಹಂಚುವಂಥದು.

ಹನ್ನೊಂದು ಮುಗಿದ ಮೇಲೆ ದತ್ತಾ ಬಾಯಿ ತೆರೆದೇ ನಿಂತ. ಹನ್ನೆರಡನೆಯದು ಅವನಲ್ಲಿ ಇರಲಿಲ್ಲ.

“ಮಗ ಹೊಸ್ತು ಮಾಡ್ಕೊಂಡಿದ್ದಾ,” ಎಂದ, ಯಾರಿಗೂ ಅಲ್ಲದಂತೆ. “ಅದು ನಂಗೆ ಗೊತ್ತಿಲ್ಲ. ನಾನು ಕೇಳ್ಲಿಲ್ಲ.”

ದೋಣಿಗಳು ಹನ್ನೊಂದೂ ಕಡೆ ಹೋದವು. ಒಂದು ದಿನ, ಎರಡು ದಿನ, ಮೂರು ದಿನ. ನಾಲ್ಕನೆಯ ದಿನ ದೂರದ ಟ್ರಾಲರ್ ಒಂದು ಮಗುಚಿದ ದೋಣಿಯನ್ನು ಕಂಡಿತು. ದಂಡೆಯ ಯಾವ ಗುಡ್ಡವೂ ಕಾಣದಷ್ಟು ಪಡುವಣಕ್ಕೆ, ದತ್ತಾನ ಹನ್ನೊಂದರಲ್ಲಿ ಯಾವುದಕ್ಕೂ ಹತ್ತಿರವಲ್ಲದ ನೀರಿನಲ್ಲಿ. ದೋಣಿಯ ಕೊಕ್ಕೆಗೆ ಒಂದು ಹಗ್ಗ ಕಟ್ಟಿತ್ತು. ಹಗ್ಗದ ಇನ್ನೊಂದು ತುದಿಯಲ್ಲಿ, ಮನುಷ್ಯನೊಬ್ಬ ಸೊಂಟಕ್ಕೆ ಬಿಗಿದುಕೊಳ್ಳುವಂಥ ಕುಣಿಕೆ ಇತ್ತು. ಕುಣಿಕೆ ಬಿಚ್ಚಿರಲಿಲ್ಲ, ಸವೆದು ಹರಿದಿತ್ತು.

ಅಧಿಕಾರಿ ಒಳ್ಳೆಯವನು. ಹೇಳಬಾರದ್ದನ್ನು ಹೇಳುವ ಉದ್ದೇಶ ಅವನಿಗೆ ಇರಲಿಲ್ಲ. ಹಗ್ಗವನ್ನು ಕೈಯಲ್ಲಿ ತಿರುಗಿಸುತ್ತ ತನ್ನಷ್ಟಕ್ಕೆ ಅಂದುಕೊಂಡ: “ಎರಡು ದಿನವಾದ್ರೂ ಹಿಡ್ಕೊಂಡಿದ್ದ. ಮೊದಲ ದಿನ ಈ ಕಡೆ ಬಂದಿದ್ರೆ...” ತಲೆಯೆತ್ತಿದಾಗ ವಿನುತಾ ನಿಂತಿದ್ದಳು. ಅವನು ಹಗ್ಗವನ್ನು ಜೀಪಿನೊಳಗೆ ಇಟ್ಟುಬಿಟ್ಟ.

ಆ ಎರಡು ದಿನಗಳನ್ನು ವಿನುತಾ ಬೇರೆ ಯಾರಿಗೂ ಹೇಳಲಿಲ್ಲ. ಅಪ್ಪನಿಗೆ ಹೇಳಿದರೆ ಅಪ್ಪ ಉಳಿಯುವುದಿಲ್ಲವೆಂದು ಗೊತ್ತಿತ್ತು. ಅಪ್ಪನೂ ಅವಳೊಡನೆ ಪಟ್ಟಿ ಅಳಿಸಿದ ದಿನದ ಮಾತು ಎತ್ತಲಿಲ್ಲ. ಒಬ್ಬರು ಇನ್ನೊಬ್ಬರನ್ನು ದೂರಿದ್ದರೆ ಮನೆ ಸ್ವಲ್ಪ ಹಗುರಾಗುತ್ತಿತ್ತೇನೋ. ಇಬ್ಬರೂ ದೂರಲಿಲ್ಲ. ಅವನು ದಂಡೆಗೆ ಹೋಗುವುದನ್ನು ಬಿಟ್ಟ. ಇಡೀ ದಿನ ಚಾವಡಿಯ ಕಂಬಕ್ಕೊರಗಿ, ಕಡಲಿಗೆ ಬೆನ್ನು ಹಾಕಿ ಕೂರುತ್ತಿದ್ದ.

ದುರ್ಗಾ ಸೂತಕ ಹಿಡಿಯಲು ಒಪ್ಪಲಿಲ್ಲ. ಹೆಣ ಕಾಣದೆ ಸೂತಕ ಎಂಥದು ಎಂದಳು. ಸೂತಕ ಹಿಡಿದ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಆದ್ದರಿಂದ ಅವಳು ಒಂದು ದಿನವೂ ತಪ್ಪದೆ ಮೀನು ಬೇಯಿಸಿದಳು. ದೋಣಿಯಿಲ್ಲದ ಮನೆಗೆ ಊರವರು ಸರದಿಯಂತೆ ಮೀನು ಕೊಟ್ಟು ಹೋಗುತ್ತಿದ್ದರು. ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಬೇಲೆಕೇರಿಯಿಂದ ಕೇಶವ ಕಳಿಸಿದ ಬುಟ್ಟಿ ಬಂತು: ಬಂಡೆಯ ಸಂದಿನಲ್ಲಿ ಇರುವಂಥ ದೊಡ್ಡ ಕೆಂಪು ಮೀನು ಮೂರು. ಮದುವೆಯ ಮಾತನ್ನು ಅವರು ಮುರಿದಿರಲಿಲ್ಲ, ಮುಂದಕ್ಕೆ ಹಾಕಿದ್ದರು. ಬುಟ್ಟಿ ಪ್ರೀತಿಯಿಂದಲೇ ಬಂದಿತ್ತು. ದತ್ತಾ ಒಂದು ಮೀನಿನ ಕಿವಿರು ಬಿಡಿಸಿ ನೋಡಿ, ಹೊಟ್ಟೆಯ ಬಣ್ಣ ನೋಡಿ, ಕೆಳಗಿಟ್ಟ.

“ಕೂರ್ಮಗಡದ ಬೆನ್ನಿಂದು,” ಎಂದ. ಆಮೇಲೆ, “ಚೊಲೋ ಮೀನು. ಮಾಡಿ,” ಎಂದ.

ಮಾದೇವಿ ಬರುವುದು ಸಂಜೆ ಆರರ ಬಸ್ಸಿನ ನಂತರ, ವಿನುತಾ ಕಾರವಾರದಿಂದ ಮರಳಿದ ಮೇಲೆ. ಅವಳಿಗೆ ಗಂಡ ಬದುಕಿದ್ದಾನೆಂಬ ಭ್ರಮೆ ಇರಲಿಲ್ಲ. ಅವಳಿಗೆ ಬೇಕಾದದ್ದು ಜಾಗ. ಹುಲಿಯಾ ಕೊನೆಗೆ ಬಲೆ ಬಿಟ್ಟ ಜಾಗದಲ್ಲಿ ಒಂದು ತೆಂಗಿನಕಾಯಿ, ಒಂದು ಹಿಡಿ ಹೂವು ಬಿಡಬೇಕು. ಜಾಗ ಗೊತ್ತಿಲ್ಲದೆ ಎಲ್ಲೆಂದರಲ್ಲಿ ಬಿಟ್ಟರೆ ಅದು ಅವನಿಗೆ ಮುಟ್ಟುವುದು ಹೇಗೆ? ದೋಣಿ ಸಿಕ್ಕಿದ್ದು ನಾಲ್ಕು ದಿನ ತೇಲಿ ಹೋದ ಮೇಲೆ, ಅದು ಜಾಗವಲ್ಲ. ಜಾಗ ಇರುವುದು ಆ ಪೆಟ್ಟಿಗೆಯೊಳಗೆ, ಬೀಗದ ಹಿಂದೆ. ವಿನುತಾ ಓದಿದ ಹುಡುಗಿ, ಅವಳಿಗೆ ಒಂಬತ್ತು ಪದ ಆಗಲೇ ನೆನಪಾಗಿದೆ, ಉಳಿದದ್ದೂ ಬಂದೀತು. ಮಾದೇವಿಯ ಲೆಕ್ಕ ಹೀಗೆ ಸರಳವಾಗಿತ್ತು.

ವಿನುತಾ ತನ್ನ ಲೆಕ್ಕವನ್ನು ಮಾಡಿ ನೋಡಿದ್ದಳು. ಒಂದೊಂದು ಪದವೂ ಎರಡು ಸಾವಿರಕ್ಕೂ ಮಿಕ್ಕಿದ ಪದಗಳ ಪಟ್ಟಿಯಿಂದ ಬಂದದ್ದು. ಹದಿನೈದು ಪದಗಳನ್ನು ಊಹಿಸಿ ಮುಗಿಸಲು ಅವಳ ಆಯಸ್ಸು ಸಾಲದು, ಭೂಮಿಯ ಆಯಸ್ಸೂ ಸಾಲದು. ಊರಿನಲ್ಲಿ ಉಳಿದೆಲ್ಲರಿಗೆ, ತಿಳಿಯದ ಯಾವುದೋ ಒಂದರ ಮೇಲೆ ಸ್ವಲ್ಪ ಆಸೆ ಇಡಲು ಬರುತ್ತಿತ್ತು. ಆ ಬೀಗ ಹೇಗೆ ಕೆಲಸ ಮಾಡುತ್ತದೆಂದು ಆ ಊರಿನಲ್ಲಿ ಚೆನ್ನಾಗಿ ತಿಳಿದವಳು ಅವಳೊಬ್ಬಳೇ. ಅದು ಎಂದೂ ತೆರೆಯಲಾರದೆಂದೇ ಅದನ್ನು ಆರಿಸಿದ್ದಳು.

ಆದರೂ ಮಾದೇವಿ ಬಂದು ಕುಳಿತಾಗ ಅವಳು ಲ್ಯಾಪ್‌ಟಾಪ್ ತೆರೆಯುತ್ತಿದ್ದಳು. ಖಾಲಿ ಚೌಕದಲ್ಲಿ ಒಂಬತ್ತು ಪದ ತುಂಬಿ, ಮುಂದಿನದಕ್ಕೆ ಬಾಯಿಗೆ ಬಂದದ್ದನ್ನು ಒತ್ತುತ್ತಿದ್ದಳು. ಮಾದೇವಿ ಸೆರಗಿನ ತುದಿ ಹಿಡಿದು, ಓದಲು ಬಾರದ ಆ ಅಕ್ಷರಗಳನ್ನು ನೋಡುತ್ತಿದ್ದಳು. ಚಾವಡಿಯಲ್ಲಿ ದತ್ತಾ ಕೆಮ್ಮುತ್ತಿದ್ದ. ಒಳಗೆ ದುರ್ಗಾ ಮಗನ ಪಾಲಿನ ತುಂಡುಗಳನ್ನು ಬೇರೆ ಬಟ್ಟಲಿಗೆ ತೆಗೆದಿಡುತ್ತಿದ್ದಳು.

“ಇವತ್ತು ಎಷ್ಟಾಯ್ತು ಮಗಾ?” ಎಂದು ಮಾದೇವಿ ಕೇಳಿದಳು.

ಪರದೆ ತಪ್ಪು ಎಂದು ತೋರಿಸುತ್ತಿತ್ತು. ವಿನುತಾ ಅದನ್ನು ಮೆಲ್ಲಗೆ ಮುಚ್ಚಿದಳು.

“ಹತ್ತು, ಮಾದೇವಕ್ಕಾ.”

ಮಾದೇವಿಯ ಮುಖ ಅರಳಿತು. ಬೆರಳುಗಳನ್ನು ಮಡಚಿ, ಇನ್ನು ಹದಿನಾಲ್ಕು ಎಂದು ಎಣಿಸಿಕೊಂಡಳು. ನಾಳೆ ಬರುತ್ತೇನೆಂದು ಹೇಳಿ, ಮೆಟ್ಟಿಲಿಳಿದು, ಮಬ್ಬಾಗುತ್ತಿದ್ದ ಹಾದಿಯಲ್ಲಿ ಸ್ವಲ್ಪ ಬೇಗ ಬೇಗ ಹೆಜ್ಜೆಯಿಡುತ್ತ ಹೋದಳು. ವಿನುತಾ ಬಾಗಿಲಲ್ಲಿ ನಿಂತು, ನಾಳೆ ಏನು ಹೇಳಬೇಕೆಂದು ಯೋಚಿಸತೊಡಗಿದಳು.